ಟ್ರ್ಯಾಕ್ಟರ್‌ನವ ಬಿಟ್ಟ ಜಾಗ

ಬೆಳಿಗ್ಗೆ ದಾವಣಗೆರೆ ಹೊರಗೆ ಸರ್ವಿಸ್ ರಸ್ತೆಯಿಂದ 48ನೇ ಹೆದ್ದಾರಿ ಸೇರೋಕೆ ಇಂಡಿಕೇಟರ್ ಹಾಕ್ಕೊಂಡು ನಿಂತಿದ್ದೆ. ನಮ್ ಕಡೆ ಇಂಡಿಕೇಟರ್ ಕಂಡ್ರೆ ‘ದಾರಿ ಕೊಡಿ’ ಅಂತಲ್ಲ, ‘ಬೇಗ ನುಗ್ಗಿ, ಇವ್ನು ಬರ್ತಾನೆ’ ಅಂತ ಅರ್ಥ! ಲಾರಿ, ಬಸ್ಸು, ಕಾರು, ಒಬ್ರೂ ಬಿಡ್ಲಿಲ್ಲ. ಅವ್ರು ಹೆಡ್‌ಲೈಟ್ ಮಿನುಗಿಸಿದ್ರೂ ಅಷ್ಟೇ, ‘ನಾನ್ ನಿಲ್ಸಲ್ಲ’ ಅಂತ ಅರ್ಥ. ನಿಜ ಹೇಳ್ಬೇಕಂದ್ರೆ, ಹೆದ್ದಾರಿ ಮೇಲಿರೋರದ್ದೇ ಮೊದಲ ಹಕ್ಕು, ಕಾಯ್ಬೇಕಾದವ್ನು ನಾನೇ. ಆದ್ರೆ ಹಿಂದಿನವ್ನ ಹಾರ್ನ್‌ಗೆ ಇದನ್ನ ಹೇಳೋರ್ಯಾರು?

ಕೊನೆಗೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್‌ನವ ವೇಗ ಇಳ್ಸಿ, ‘ಹೋಗ್ರೀ ಸರ’ ಅಂತ ಕೈ ಬೀಸಿದ. ಖುಷಿಯಾಯ್ತು.

ಹತ್ತೇ ನಿಮಿಷ. ಜಯದೇವ ಸರ್ಕಲ್‌ನಲ್ಲಿ ಒಂದು ಆಟೋ ಮೂತಿ ತೂರಿಸ್ತು. ಬಿಟ್ನಾ ನಾನು? ಇಲ್ಲ. ಹೊಟ್ಟೆ ಹಸಿದಿತ್ತು, ಬೆಣ್ಣೆದೋಸೆ ಕಾಯ್ತಿತ್ತು.