ಮಂಡಿ ಆಪರೇಷನ್ ಆಯಿತು, ತೋಟಕ್ಕೆ ಇಳಿಯುವುದು ಯಾವಾಗ?

ಮಂಡಿ ಬದಲಾವಣೆ ಆಪರೇಷನ್ ಮಾಡಿಸಿಕೊಂಡ ಕೊಡಗಿನ ಹಿರಿಯರೆಲ್ಲ ಕೇಳುವುದು ಇದೊಂದೇ. ಬೆಂಗಳೂರಿನಲ್ಲಿರುವ ಮಕ್ಕಳ ಪ್ರಶ್ನೆ ಬೇರೆ: "ನಾವು ಎಷ್ಟು ದಿನ ರಜೆ ಹಾಕಬೇಕು?" ಎರಡಕ್ಕೂ ಸೇರಿಸಿ ಉತ್ತರ ಬರೆದಿದ್ದೇನೆ.

ಮನೆಯೊಳಗೆ ವಾಕರ್ ಹಿಡಿದು ನಡೆಯುವುದು ಆಪರೇಷನ್ ಆದ ದಿನವೋ ಮಾರನೇ ದಿನವೋ ಶುರುವಾಗುತ್ತದೆ. ಕೋಲು ಹಿಡಿದು ಗೇಟಿನ ತನಕ ಹೋಗಲು ಮೂರರಿಂದ ಆರು ವಾರ. ಕಾಫಿ ಗಿಡಗಳ ನಡುವಿನ ಇಳಿಜಾರಿಗೆ ಮೂರು ತಿಂಗಳು, ಅದೂ ನೆಲ ಒಣಗಿದ್ದರೆ. ಹಾಗಾಗಿ ತಾರೀಖು ಗೊತ್ತು ಮಾಡುವಾಗಲೇ ಮಳೆಯ ಲೆಕ್ಕ ಹಾಕಬೇಕು. "ಹುತ್ತರಿ ಹಬ್ಬ ಕಳೆಯಲಿ, ರೊಬಸ್ಟಾ ಕಾಫಿ ಕುಯ್ಲು ಮುಗಿಯಲಿ, ಕರಿಮೆಣಸೂ ಆಗಿಬಿಡಲಿ" ಎಂದು ಮುಂದೂಡಿದವರು ಏಪ್ರಿಲ್ ಕೊನೆಗೆ ಆಸ್ಪತ್ರೆ ಸೇರುತ್ತಾರೆ. ಕಾಲು ಹೊರಗೆ ನಡೆಯಲು ತಯಾರಾಗುವಾಗ ಜೂನ್ ಮಳೆ ಹಿಡಿದು ಮೆಟ್ಟಿಲಿಗೆಲ್ಲ ಪಾಚಿ ಕಟ್ಟಿರುತ್ತದೆ. ನನ್ನ ಕೇಳಿದರೆ ಜನವರಿ, ಫೆಬ್ರವರಿ ಒಳ್ಳೆಯದು. ಒಂದು ವರ್ಷ ಮೆಣಸನ್ನು ಮಗನೋ ಮಗಳೋ ಕುಯ್ಯಿಸಲಿ, ನಾಲ್ಕು ಕೆ.ಜಿ. ಹೆಚ್ಚುಕಡಿಮೆಯಾದರೆ ಆಗಲಿ.

ಮಂಡಿ ಎಷ್ಟು ಮಡಚುತ್ತದೆ ಎಂದು ಎಲ್ಲರೂ ನೋಡುತ್ತಾರೆ. ನಡಿಗೆ ಕೆಡಿಸುವುದು ಮಾತ್ರ ನೆಟ್ಟಗಾಗದ ಮಂಡಿ. ಅದನ್ನು ಹಾಳು ಮಾಡುವುದು ಮನೆಯವರ ಅಕ್ಕರೆ: ಮಲಗಿದಾಗ ಮಂಡಿಯ ಕೆಳಗೆ ಒಂದು ದಿಂಬು. ಹಾಯೆನಿಸುತ್ತದೆ ನಿಜ, ಆದರೆ ಹಿಂಬದಿಯ ಸ್ನಾಯು ಬಾಗಿದ ಅಳತೆಗೇ ಗಿಡ್ಡವಾಗಿ ಕಾಲು ಕುಂಟುತ್ತದೆ. ದಿಂಬು ತೆಗೆದು, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗಿಡಿ, ಮಂಡಿ ತಾನಾಗಿ ಕೆಳಗಿಳಿಯಲಿ. ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಆಮೇಲೆ ತೊಡೆ ಬಿಗಿ ಮಾಡಿ ಮಂಡಿಯನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡಿ, ಹತ್ತು ಸಲ. ಎಚ್ಚರವಿದ್ದಾಗ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಬೇಕು, ಇದು ರಕ್ತ ಹೆಪ್ಪುಗಟ್ಟದಿರಲಿ ಎಂದು. ಮಡಚುವುದು ಎರಡು ವಾರಕ್ಕೆ 90 ಡಿಗ್ರಿಯ ಹತ್ತಿರ ಬಂದರೆ ಚೆನ್ನಾಗಿಯೇ ನಡೆಯುತ್ತಿದೆ ಎಂದು ತಿಳಿಯಿರಿ.

ಹರೆಯದಲ್ಲಿ ಹಾಕಿ ಆಡಿದವರದು, ಮಿಲಿಟರಿಯಲ್ಲಿದ್ದವರದು ಇನ್ನೊಂದು ತೊಂದರೆ. ನೋವಿನ ಮಾತ್ರೆ ಬೇಡ ಅನ್ನುತ್ತಾರೆ. ನೋವು ತಡೆದುಕೊಂಡು ವ್ಯಾಯಾಮ ಮಾಡಿದರೆ ಸ್ನಾಯು ಬಿಗಿದುಕೊಂಡು ಮಂಡಿ ಬಗ್ಗುವುದಿಲ್ಲ. ಡಾಕ್ಟರು ಬರೆದ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ, ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳುವುದೇ ಜಾಣತನ. ಮಾತ್ರೆ ಬದಲು ರಾತ್ರಿ ಬ್ರಾಂದಿ ಸಾಕು ಅನ್ನುವವರಿದ್ದಾರೆ. ಟ್ರಮಡಾಲ್‌ನಂಥ ಮಾತ್ರೆಯ ಜೊತೆ ಬ್ರಾಂದಿ ಸೇರಿದರೆ ತೂಕಡಿಕೆ, ತಲೆ ತಿರುಗು, ಬಚ್ಚಲಲ್ಲಿ ಬೀಳುವುದು. ಆ ಮಾತ್ರೆಯಿಂದ ಮಲಬದ್ಧತೆಯೂ ಬರುತ್ತದೆ. ನೀರು, ಸೊಪ್ಪು, ಹಣ್ಣು ಹೆಚ್ಚಿರಲಿ.

"ಈ ಚಳಿಯಲ್ಲಿ ಐಸಾ?" ಎಂದು ಮಡಿಕೇರಿಯವರು ನಗುತ್ತಾರೆ. ಹೌದು, ಐಸೇ. ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ. ಮೊದಲ ವಾರಗಳಲ್ಲಿ ಬಿಸಿನೀರಿನ ಚೀಲ ಇಟ್ಟರೆ ಊತ ಏರುತ್ತದೆ. ಎಣ್ಣೆ ಹಾಕಿ ಮೀನಖಂಡ ನೀವುವುದಂತೂ ಬೇಡವೇ ಬೇಡ. ಅಲ್ಲಿ ಊತ, ನೋವು ಹೊಸದಾಗಿ ಕಂಡರೆ ಹೆಪ್ಪುಗಟ್ಟಿದ ರಕ್ತ ಇರಬಹುದು, ಅದೇ ದಿನ ಡಾಕ್ಟರಿಗೆ ತೋರಿಸಿ. ಹಠಾತ್ತನೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಗಾಯ ಒಸರಿದರೆ ಅಥವಾ ಜ್ವರ 100.4 ದಾಟಿದರೂ ತಡಮಾಡಬೇಡಿ. ಗಾಯದ ಹೊರಬದಿಯಲ್ಲಿ ಮರಗಟ್ಟಿದಂತಾಗುವುದು, ತಿಂಗಳುಗಟ್ಟಲೆ ಮಂಡಿ ಬೆಚ್ಚಗಿರುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ.

ಆಪರೇಷನ್ ಮೈಸೂರಿನಲ್ಲಾದರೆ ಅಲ್ಲಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಬರುವಾಗ ಕಾರಿನ ಮುಂದಿನ ಸೀಟು ಹಿಂದಕ್ಕೆ ತಳ್ಳಿ ಕೂರಿಸಿ, ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಿ.

ಇನ್ನು ಮಕ್ಕಳ ರಜೆ. ಎಲ್ಲರೂ ಆಸ್ಪತ್ರೆಯ ದಿನಗಳಿಗೇ ರಜೆ ಹಾಕಿ ಕಾರಿಡಾರಿನಲ್ಲಿ ಕೂರುತ್ತಾರೆ. ಅಲ್ಲಿ ನರ್ಸುಗಳಿದ್ದಾರೆ. ನಿಮ್ಮ ಕೆಲಸ ಶುರುವಾಗುವುದು ಮನೆಗೆ ಬಂದ ಮೇಲೆ. ಅಣ್ಣ ಮೊದಲ ವಾರ ಇದ್ದರೆ ತಂಗಿ ಮೂರನೆಯ ವಾರಕ್ಕೆ ಬರಲಿ. ಹೊಲಿಗೆ ಬಿಚ್ಚಿ, ನೋಡಲು ಬರುವ ನೆಂಟರು ಕಡಿಮೆಯಾಗಿ, ಅಪ್ಪನಿಗೆ ಬೇಸರ ಹತ್ತಿ ವ್ಯಾಯಾಮ ಕೈಬಿಡುವುದು ಆಗಲೇ. ಬರುವ ಮೊದಲು ಫೋನಿನಲ್ಲೇ ಮನೆ ಸಿದ್ಧ ಮಾಡಿಸಿ: 18 ಇಂಚು ಎತ್ತರದ ಕಮೋಡ್ ಅಥವಾ ಕಮೋಡ್ ಕುರ್ಚಿ, ಕೈಯಿರುವ ಗಟ್ಟಿ ಕುರ್ಚಿ, ಬಚ್ಚಲ ಗೋಡೆಗೆ ಹಿಡಿಕೆ. ಹಳೇ ಮನೆಗಳ ಎತ್ತರದ ಕಲ್ಲುಮೆಟ್ಟಿಲಿಗೆ ಪೈಪಿನ ಹಿಡಿಕಂಬಿ ಕಟ್ಟಿಸಿ. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಕೋಲು ಆಪರೇಷನ್ ಆಗದ ಬದಿಯ ಕೈಯಲ್ಲಿರಲಿ. ಬಹಳ ಮಂದಿ ತಪ್ಪು ಕೈಯಲ್ಲಿ ಹಿಡಿಯುತ್ತಾರೆ.

ಮೂರು ತಿಂಗಳಾದ ಮೇಲೆ ತೋಟಕ್ಕೆ ಹೋಗುವ ಮೊದಲ ದಿನ ಜೀಪು ರಸ್ತೆಯಲ್ಲೇ ನಡೆಯಿರಿ, ಗಿಡಗಳ ನಡುವೆ ನುಗ್ಗಬೇಡಿ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ ಕೆಲಸ ಇನ್ನು ಬೇರೆಯವರದು. ರಕ್ತ ತೆಳುವಾಗುವ ಮಾತ್ರೆ ಇನ್ನೂ ನಡೆಯುತ್ತಿದ್ದರೆ ಜಿಗಣೆ ಇರುವ ಕಡೆ ಹೋಗಲೇಬೇಡಿ, ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಮನೆಗೆ ಬಂದು ಗಂಬೂಟನ್ನು ಇನ್ನೊಂದು ಕಾಲಿನಿಂದ ಒದ್ದು ಕಳಚಬೇಡಿ, ಮಂಡಿ ತಿರುಚುತ್ತದೆ. ಜಗಲಿಯಲ್ಲಿ ಕೂತು ಮೊಮ್ಮಗನನ್ನು ಕರೆಯಿರಿ, ಅವನು ಎಳೆಯಲಿ.