ಒಂದು ಕ್ಯಾಲ್ಸಿಯಂ ಇಂಜೆಕ್ಷನ್‌ಗೆ ಇಷ್ಟು ಹೊತ್ತೇಕೆ?

ವಾರ್ಡಿನಲ್ಲಿ ರೋಗಿಗಳ ಕಡೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಡಾಕ್ಟರೇ, ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದಿರಿ. ಒಂದು ಇಂಜೆಕ್ಷನ್ ಕೊಟ್ಟು ಕಳುಹಿಸಬಾರದೇ? ಅಷ್ಟಕ್ಕೆ ಎದೆಗೆ ತಂತಿ ಹಚ್ಚಿ, ರಾತ್ರಿಯೆಲ್ಲ ಮಲಗಿಸಿಕೊಳ್ಳಬೇಕೇ?" ಕೇಳುವುದು ಸಹಜ. ಮನೆಯಲ್ಲಿ ನುಂಗುವ ಕ್ಯಾಲ್ಸಿಯಂ ಮಾತ್ರೆ ಯಾರಿಗೂ ಭಯ ಹುಟ್ಟಿಸುವ ವಸ್ತುವಲ್ಲ. ಆದರೆ ಅದೇ ಕ್ಯಾಲ್ಸಿಯಂ ರಕ್ತನಾಳದ ಮೂಲಕ ಹೋಗುವಾಗ ಲೆಕ್ಕವೇ ಬೇರೆ. ನನ್ನ ಉತ್ತರ: ಹೌದು, ಮಲಗಿಸಿಕೊಳ್ಳಬೇಕು, ಅವಸರ ಮಾಡಬಾರದು.

ನಮ್ಮ ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿರುವುದು ತೀರಾ ಅಲ್ಪ. ಅದರಲ್ಲಿಯೂ ಸುಮಾರು ಅರ್ಧದಷ್ಟು ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮುಂತಾದವುಗಳಿಗೆ ಅಂಟಿಕೊಂಡಿರುತ್ತದೆ. ಉಳಿದ ಅರ್ಧ, ಅಂದರೆ ಬಿಡಿಯಾಗಿರುವ ಕ್ಯಾಲ್ಸಿಯಂ, ನರ, ಸ್ನಾಯು ಮತ್ತು ಹೃದಯವನ್ನು ನಡೆಸುತ್ತದೆ. 1883ರಲ್ಲಿ ಸಿಡ್ನಿ ರಿಂಗರ್ ಎಂಬ ಬ್ರಿಟಿಷ್ ವೈದ್ಯರು ಕಪ್ಪೆಯ ಹೃದಯದ ಮೇಲೆ ನಡೆಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ನಲ್ಲಿ ನೀರಿನಲ್ಲಿ ತಯಾರಿಸಿದ ಉಪ್ಪಿನ ದ್ರಾವಣದಲ್ಲಿ ಹೃದಯ ಬಡಿಯುತ್ತಲೇ ಇತ್ತು. ಭಟ್ಟಿ ಇಳಿಸಿದ ನೀರು ಬಳಸಿದಾಗ ಸೋತು ನಿಂತಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ಬಡಿಯುವಂತೆ ಮಾಡುತ್ತಿತ್ತು. ಅಷ್ಟು ಸ್ವಲ್ಪದಿಂದ ನಡೆಯುವ ಹೃದಯಕ್ಕೆ ಒಮ್ಮೆಲೇ ಹೆಚ್ಚು ಸುರಿದರೆ ಬಡಿತ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ, ನಿಂತೇ ಹೋಗಬಹುದು. ಎದೆಯ ಮೇಲಿನ ತಂತಿಗಳು ಇರುವುದು ಇದಕ್ಕಾಗಿ.

ಇಂಜೆಕ್ಷನ್ ಯಾರಿಗೆ ಬೇಕು ಎಂಬುದನ್ನು ಮೊದಲು ನೋಡಬೇಕು. ಒಟ್ಟು ಕ್ಯಾಲ್ಸಿಯಂ ಪ್ರತಿ ಡೆಸಿಲೀಟರ್‌ಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇದ್ದರೆ ಸರಿ. 8.1 ಎಂದು ವರದಿ ಬಂದ ಕೂಡಲೇ ಡ್ರಿಪ್ ಹಾಕುವುದಿಲ್ಲ. ಆಲ್ಬುಮಿನ್ ಕಡಿಮೆಯಿದ್ದರೆ ಒಟ್ಟು ಅಂಕಿ ತಾನಾಗಿ ಇಳಿಯುತ್ತದೆ, ಬಿಡಿ ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ. ಆಲ್ಬುಮಿನ್ 4ಕ್ಕಿಂತ ಒಂದು ಗ್ರಾಂ ಇಳಿದರೆ ಕ್ಯಾಲ್ಸಿಯಂ ಅಂಕಿಗೆ 0.8 ಸೇರಿಸಿ ಓದುವುದು ರೂಢಿ. ಬಿಡಿ ಕ್ಯಾಲ್ಸಿಯಂ ಅನ್ನೇ ಅಳೆಯುವುದು ಇನ್ನೂ ಒಳ್ಳೆಯದು. ಮತ್ತೊಂದು ಮೋಸವೂ ಇದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪೊಟ್ಯಾಸಿಯಂ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಅದರ ಸ್ವಲ್ಪ ಅಂಶ ಬೇರೆ ಟ್ಯೂಬಿಗೆ ಬೆರೆತರೂ ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ. ಆಗ ವರದಿಯಲ್ಲಿ ಕ್ಯಾಲ್ಸಿಯಂ ಪಾತಾಳಕ್ಕಿಳಿದು ಪೊಟ್ಯಾಸಿಯಂ ಆಕಾಶಕ್ಕೇರಿರುತ್ತದೆ, ರೋಗಿ ಮಾತ್ರ ಆರಾಮವಾಗಿ ಕುಳಿತಿರುತ್ತಾರೆ. ಇಂಥ ವರದಿಗೆ ಬೇಕಾದದ್ದು ಮರುಪರೀಕ್ಷೆ, ಔಷಧವಲ್ಲ.

ಗಾಬರಿಯಿಂದ ವೇಗವಾಗಿ ಉಸಿರಾಡುವವರಿಗೂ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು ಎನ್ನುತ್ತದೆ, ಕೈ ಸೆಟೆದುಕೊಳ್ಳುತ್ತದೆ. ಅವರ ರಕ್ತದ ಕ್ಷಾರತೆ ಹೆಚ್ಚಿ, ಬಿಡಿ ಕ್ಯಾಲ್ಸಿಯಂ ತಾತ್ಕಾಲಿಕವಾಗಿ ತಗ್ಗಿರುತ್ತದೆ. ಅವರಿಗೆ ಪಕ್ಕದಲ್ಲಿ ಕುಳಿತು ಉಸಿರನ್ನು ನಿಧಾನಕ್ಕೆ ತರಿಸುವವರು ಬೇಕು.

ನಿಜವಾದ ಕೊರತೆಯ ಕೈ ಹೇಗಿರುತ್ತದೆ ಎಂದು ಒಮ್ಮೆ ನೋಡಿದವರು ಮರೆಯುವುದಿಲ್ಲ. ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ತೋಳಿಗೆ ಸುತ್ತಿ, ಮೇಲಿನ ಒತ್ತಡಕ್ಕಿಂತ ತುಸು ಹೆಚ್ಚು ಗಾಳಿ ತುಂಬಿ ಮೂರು ನಿಮಿಷ ಹಾಗೆಯೇ ಬಿಡುತ್ತೇವೆ. ಮಣಿಕಟ್ಟು ಮೆಲ್ಲಗೆ ಬಾಗುತ್ತದೆ, ಹೆಬ್ಬೆರಳು ಅಂಗೈಯೊಳಗೆ ಸರಿಯುತ್ತದೆ, ಉಳಿದ ಬೆರಳುಗಳು ನೆಟ್ಟಗಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ರೋಗಿ ಎಷ್ಟು ಪ್ರಯತ್ನಿಸಿದರೂ ಬಿಡಿಸಿಕೊಳ್ಳಲು ಆಗುವುದಿಲ್ಲ. ಹೀಗೆ ಸೆಳೆತವಿರುವವರು, ಗಂಟಲು ಬಿಗಿದು ಉಸಿರಿಗೆ ಕಷ್ಟಪಡುವವರು, ಫಿಟ್ಸ್ ಬಂದವರು, ಇಸಿಜಿಯಲ್ಲಿ ಕ್ಯೂಟಿ ಅಂತರ (ಪ್ರತಿ ಬಡಿತದಲ್ಲಿ ಹೃದಯದ ಕೆಳಕೋಣೆಗಳ ವಿದ್ಯುತ್ ಚಟುವಟಿಕೆ ನಡೆಯುವ ಅವಧಿ) ಉದ್ದವಾದವರು, ಅಥವಾ ಥೈರಾಯ್ಡ್ ಶಸ್ತ್ರಚಿಕಿತ್ಸೆಯ ಬಳಿಕ ಥಟ್ಟನೆ 7.5ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದವರು ಇಂಜೆಕ್ಷನ್‌ಗೆ ಹಕ್ಕುದಾರರು. ತಿಂಗಳುಗಟ್ಟಲೆ ಕಡಿಮೆಯಿದ್ದೂ ತೊಂದರೆ ಕಾಣದವರಿಗೆ ಸಾಮಾನ್ಯವಾಗಿ ಮಾತ್ರೆಯೇ ಸಾಕು.

ಕೊಡುವ ಕ್ರಮ ಹೀಗಿದೆ. ದೊಡ್ಡವರಿಗೆ ಶೇಕಡಾ 10ರ ಕ್ಯಾಲ್ಸಿಯಂ ಗ್ಲುಕೋನೇಟ್ 10ರಿಂದ 20 ಮಿಲಿಲೀಟರ್ ತೆಗೆದುಕೊಂಡು, 50 ಮಿಲಿಲೀಟರ್ ಗ್ಲೂಕೋಸ್ ಅಥವಾ ಸಲೈನ್‌ನಲ್ಲಿ ಬೆರೆಸಿ, 10ರಿಂದ 20 ನಿಮಿಷಗಳಲ್ಲಿ ಹರಿಸುತ್ತೇವೆ. ಕಣ್ಣು ಮಾನಿಟರ್ ಮೇಲಿರುತ್ತದೆ. ರೋಗಿಗೆ ಮೈ ಬಿಸಿಯೇರಿದಂತಾದರೆ, ವಾಕರಿಕೆ ಬಂದರೆ, ಬಡಿತ ಕುಸಿದರೆ ವೇಗ ತಗ್ಗಿಸುತ್ತೇವೆ ಅಥವಾ ನಿಲ್ಲಿಸುತ್ತೇವೆ. ಹೃದಯದ ತೊಂದರೆಗೆ ಕೊಡುವ ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಆ ಮಾತ್ರೆಯ ಹೆಸರನ್ನು ನಾವು ಕೇಳುವ ಮೊದಲೇ ಹೇಳಿದರೆ ದೊಡ್ಡ ಉಪಕಾರ. ಆಂಪೂಲಿನ ಮೇಲಿನ ಹೆಸರನ್ನು ಎರಡು ಸಲ ಓದುವುದೂ ಕಡ್ಡಾಯ. ಗ್ಲುಕೋನೇಟ್‌ನ 10 ಮಿಲಿಲೀಟರ್‌ನಲ್ಲಿ ಶುದ್ಧ ಕ್ಯಾಲ್ಸಿಯಂ ಸುಮಾರು 93 ಮಿಲಿಗ್ರಾಂ ಇದ್ದರೆ, ಅಷ್ಟೇ ಅಳತೆಯ ಶೇಕಡಾ 10ರ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಸುಮಾರು 270, ಅಂದರೆ ಹತ್ತಿರ ಹತ್ತಿರ ಮೂರು ಪಟ್ಟು. ಒಂದನ್ನು ಇನ್ನೊಂದೆಂದು ತಿಳಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಿಲ್ಲ.

ಸೂಜಿಯ ಜಾಗದ ಬಗ್ಗೆ ನಾನು ಸ್ವಲ್ಪ ಹಠಮಾರಿ. ಕ್ಯಾಲ್ಸಿಯಂ ನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಟ್ಟಂತಾಗಿ ಕೊಳೆಯಬಹುದು. ಆದ್ದರಿಂದ ಕ್ಯಾನುಲಾ, ಅಂದರೆ ಔಷಧ ಹರಿಸಲು ಇಡುವ ಸಣ್ಣ ಕೊಳವೆ, ದೊಡ್ಡ ನಾಳದಲ್ಲಿ ಗಟ್ಟಿಯಾಗಿ ಕುಳಿತಿರಬೇಕು, ಮೊದಲು ಸಲೈನ್ ಹರಿಸಿ ನೋಡಬೇಕು. ಇದನ್ನು ತೊಡೆಗೋ ತೋಳಿನ ಸ್ನಾಯುವಿಗೋ ಚುಚ್ಚುವಂತಿಲ್ಲ, ಚರ್ಮದಡಿಗೂ ಕೊಡುವಂತಿಲ್ಲ. ಇಂಜೆಕ್ಷನ್ ಹೋಗುತ್ತಿರುವಾಗ ಕೈ ಉರಿಯುತ್ತಿದೆ, ಊದುತ್ತಿದೆ ಎನಿಸಿದರೆ ದಯವಿಟ್ಟು ಸಹಿಸಿಕೊಂಡು ಮಲಗಬೇಡಿ, ಆ ಕ್ಷಣವೇ ಕೂಗಿ ಕರೆಯಿರಿ. ನರ್ಸ್‌ಗೆ ತೊಂದರೆಯಾದೀತೆಂಬ ಸಂಕೋಚ ಇಲ್ಲಿ ಬೇಡವೇ ಬೇಡ.

ಬೇರೆ ಔಷಧಗಳೊಂದಿಗೆ ಇದು ಸುಲಭವಾಗಿ ಹೊಂದುವುದಿಲ್ಲ. ಬೈಕಾರ್ಬನೇಟ್ ಅಥವಾ ಫಾಸ್ಫೇಟ್ ಹೋಗುತ್ತಿರುವ ಕೊಳವೆಗೇ ಕ್ಯಾಲ್ಸಿಯಂ ಬಿಟ್ಟರೆ ದ್ರಾವಣ ಸುಣ್ಣದ ನೀರಿನಂತೆ ಬೆಳ್ಳಗಾಗಿ ಗಸಿ ಕಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ವಿಷಯದಲ್ಲಂತೂ 28 ದಿನದೊಳಗಿನ ಕೂಸುಗಳಿಗೆ ಈ ಎರಡನ್ನೂ ಕೊಡುವುದು ನಿಷಿದ್ಧ. ದೊಡ್ಡವರಿಗೆ ಒಂದರ ನಂತರ ಇನ್ನೊಂದನ್ನು, ನಡುವೆ ಕೊಳವೆಯನ್ನು ಚೆನ್ನಾಗಿ ತೊಳೆದು ಕೊಡಬಹುದು.

ಇಷ್ಟಾದ ಮೇಲೂ ರಾತ್ರಿ ಏಕೆ ಉಳಿಯಬೇಕು? ಏಕೆಂದರೆ ಮೊದಲ ಡೋಸಿನ ಬಲ ಎರಡು ಮೂರು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಸೆಳೆತ ಬಿಟ್ಟ ಕೈಯನ್ನು ನೋಡಿ ಮನೆಯವರು ನಿಟ್ಟುಸಿರು ಬಿಟ್ಟಿರುತ್ತಾರೆ, ಅಷ್ಟರಲ್ಲಿ ಮತ್ತೆ ಜುಮುಜುಮು ಶುರುವಾಗುತ್ತದೆ. ಹಾಗಾಗಿ ಗಂಟೆಗಟ್ಟಲೆ ನಿಧಾನವಾಗಿ ಹರಿಯುವ ಡ್ರಿಪ್, ಆರಂಭದಲ್ಲಿ ನಾಲ್ಕಾರು ಗಂಟೆಗೊಮ್ಮೆ ರಕ್ತಪರೀಕ್ಷೆ, ಜೊತೆಗೇ ಮಾತ್ರೆ ಮತ್ತು ವಿಟಮಿನ್ ಡಿ ಚಿಕಿತ್ಸೆ. ಎಷ್ಟು ಕೊಟ್ಟರೂ ಕ್ಯಾಲ್ಸಿಯಂ ನಿಲ್ಲದಿದ್ದರೆ ಮೆಗ್ನೀಸಿಯಂ ನೋಡಬೇಕು. ಅದು ತೀರಾ ತಗ್ಗಿದ್ದರೆ, ಥೈರಾಯ್ಡ್‌ಗೆ ಅಂಟಿಕೊಂಡಿದ್ದು ರಕ್ತದ ಕ್ಯಾಲ್ಸಿಯಂ ಅನ್ನು ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ತಮ್ಮ ಹಾರ್ಮೋನನ್ನು ಸರಿಯಾಗಿ ಸ್ರವಿಸುವುದಿಲ್ಲ, ಸ್ರವಿಸಿದ್ದೂ ಕೆಲಸಕ್ಕೆ ಬರುವುದಿಲ್ಲ. ಮೆಗ್ನೀಸಿಯಂ ತುಂಬಿದ ಮೇಲೆಯೇ ಕ್ಯಾಲ್ಸಿಯಂ ಏರುತ್ತದೆ. ಅಸಿಡಿಟಿಗೆಂದು ವರ್ಷಗಟ್ಟಲೆ ಒಮೆಪ್ರಜೋಲ್‌ನಂಥ ಮಾತ್ರೆ ನುಂಗಿದವರಲ್ಲಿ, ವಿಪರೀತ ಕುಡಿಯುವವರಲ್ಲಿ ಈ ಕೊರತೆಯನ್ನು ನಾನು ಮೊದಲೇ ಹುಡುಕುತ್ತೇನೆ. ಮೂತ್ರಪಿಂಡದ ಕಾಯಿಲೆಯಿಂದ ಫಾಸ್ಫೇಟ್ ಏರಿದವರದು ಇನ್ನೊಂದು ಕಥೆ. ಅಲ್ಲಿ ಕ್ಯಾಲ್ಸಿಯಂ ಸುರಿದರೆ ಎರಡೂ ಸೇರಿ ಅಂಗಾಂಗಗಳಲ್ಲಿ ಹರಳುಗಟ್ಟುವ ಅಪಾಯವಿದೆ.

ಮನೆಗೆ ಹೋಗುವವರಿಗೆ, ಅದರಲ್ಲೂ ಥೈರಾಯ್ಡ್ ತೆಗೆಸಿಕೊಂಡವರಿಗೆ, ನಾನು ಹೇಳಿ ಕಳುಹಿಸುವುದು ಇದು. ತುಟಿಯ ಸುತ್ತ ಜುಮುಜುಮು ಎಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಗಂಟಲು ಬಿಗಿದರೆ ಫೋನನ್ನೂ ಮಾಡದೆ ನೇರವಾಗಿ ಬನ್ನಿ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ನಾಲ್ಕು ಗಂಟೆ ಬಿಡಿ, ಇಲ್ಲದಿದ್ದರೆ ಮೊದಲನೆಯದು ಹೊಟ್ಟೆಯಲ್ಲೇ ಹಿಡಿದುಹೋಗುತ್ತದೆ. ಆರಾಮ ಎನಿಸಿತೆಂದು ಕ್ಯಾಲ್ಸಿಯಂ ನಿಲ್ಲಿಸಬೇಡಿ. ಯಾವಾಗ ಇಳಿಸಬೇಕೆಂಬುದನ್ನು ಮುಂದಿನ ರಕ್ತಪರೀಕ್ಷೆ ನೋಡಿ ನಾವೇ ಹೇಳುತ್ತೇವೆ.