ಬೆಳಗಿನ ಜಾವದ ಕನಸಿಗೆ ಅರ್ಥ ಹುಡುಕಬೇಕಾ?

"ಬೆಳಗಿನ ಜಾವ ಹಾವು ಕಂಡಿದೆ, ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲು ಇಡಿಸಬೇಕಾ?" ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆ ಪದೇ ಪದೇ ಕೇಳಿಬರುವ ಪ್ರಶ್ನೆ ಇದು. ಹಲ್ಲು ಉದುರಿದ ಕನಸು ಕಂಡವರು ಮನೆಯಲ್ಲಿ ಸಾವಾಗುತ್ತದೆಂದು ದಿನವಿಡೀ ನಡುಗುತ್ತಾರೆ. ಭಕ್ತಿ ಇದ್ದವರು ಧಾರಾಳವಾಗಿ ಹೋಗಿಬನ್ನಿ. ಕನಸಿಗೆ ಹೆದರಿ ಸಾಲ ಮಾತ್ರ ಮಾಡಬೇಡಿ.

ಜಾವದ ಕನಸೇ ನಿಜವಾಗುತ್ತದೆ ಅನ್ನಿಸುವುದಕ್ಕೆ ಕಾರಣವಿದೆ. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ, ರಾತ್ರಿಗೆ ನಾಲ್ಕೈದು ಸುತ್ತು. ಪ್ರತಿ ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಚುರುಕಾಗಿ ಹೊರಳಾಡುವ ಹಂತ ಬರುತ್ತದೆ. ಷಿಕಾಗೊದಲ್ಲಿ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು 1953ರಲ್ಲಿ ಪ್ರಕಟಿಸಿದ ಈ ಹಂತವೇ ರೆಮ್ ನಿದ್ದೆ. ಕಥೆಯಂತೆ ಬಿಚ್ಚಿಕೊಳ್ಳುವ ಕನಸುಗಳು ಹೆಚ್ಚಾಗಿ ಬೀಳುವುದು ಇಲ್ಲೇ. ಮೊದಲ ಸುತ್ತಿನಲ್ಲಿ ಅದು ಹತ್ತು ನಿಮಿಷವೂ ಇರಲಿಕ್ಕಿಲ್ಲ, ಜಾವದ ಹೊತ್ತಿಗೆ ಅರ್ಧ ಗಂಟೆ ದಾಟಬಹುದು. ಆಗಲೇ ಎಚ್ಚರವೂ ಆಗುವುದರಿಂದ ಆ ಕನಸು ನೆನಪಿನಲ್ಲಿ ಉಳಿಯುತ್ತದೆ. ಫಲಿಸಿದ ಒಂದನ್ನು ಊರಿಗೆಲ್ಲ ಹೇಳುತ್ತೇವೆ, ಫಲಿಸದ ನೂರಕ್ಕೆ ಲೆಕ್ಕವೇ ಇಲ್ಲ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ ಸೊಪ್ಪು ಹಾಕಲು ರಾತ್ರಿ ಏಳುವ ವಾರದಲ್ಲಿ ವಿಪರೀತ ಕನಸು ಬಿತ್ತೆಂದರೆ, ನಿದ್ದೆ ಮುರಿದಿದೆ ಎಂದಷ್ಟೇ ಅರ್ಥ.

ಹಾಗಾದರೆ ಕನಸು ವ್ಯರ್ಥವೇ? ಕಲಿತದ್ದು ನೆನಪಿನಲ್ಲಿ ಕೂರಲು, ಮನಸ್ಸಿನ ಬೇಗೆ ಇಳಿಯಲು ನಿದ್ದೆ ಬೇಕೇ ಬೇಕು. ಆ ಕೆಲಸದಲ್ಲಿ ಕನಸಿನದೇ ಪಾಲೆಷ್ಟು ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಹಾವು ಎಂದರೆ ಇದು, ನೀರು ಎಂದರೆ ಅದು ಎಂಬ ಪಟ್ಟಿಗಳನ್ನು ನಂಬಬೇಡಿ. ಕನಸಿನಲ್ಲಿ ಕಂಡದ್ದಕ್ಕಿಂತ ಅಲ್ಲಿ ಆದ ಭಾವನೆ ಮುಖ್ಯ. ಅದೇ ದಿಗಿಲು, ಅದೇ ಅವಮಾನ ಈಚಿನ ಎರಡು ಮೂರು ದಿನಗಳಲ್ಲಿ ಎಲ್ಲಿ ಆಗಿತ್ತು ಎಂದು ಕೇಳಿಕೊಳ್ಳಿ.

ಎಚ್ಚರವಾದ ಕೂಡಲೇ ಹೊರಳದೆ, ಕಣ್ಣು ಬಿಡದೆ, ಕೊನೆಯ ದೃಶ್ಯ ಹಿಡಿದು ಹಿಂದಕ್ಕೆ ಹೋಗಿ, ಆಮೇಲೆ ಬರೆಯಿರಿ. ಮೊದಲು ಮೊಬೈಲ್ ನೋಡಿದರೆ ಅರ್ಧ ಕನಸು ಅಲ್ಲೇ ಹೋಯಿತು. ಕಥೆ ಚೆಂದವಾಗಲೆಂದು ಸಂದು ತುಂಬಬೇಡಿ, ಹರಕಲಾಗಿಯೇ ಇರಲಿ. ಎರಡು ವಾರ ಬರೆದರೆ ಮತ್ತೆ ಮತ್ತೆ ಬರುವುದು ಯಾವುದೆಂದು ಕಾಣುತ್ತದೆ.

ಒಂದೇ ಕೆಟ್ಟ ಕನಸು ಕಾಡುತ್ತಿದ್ದರೆ ಹಗಲಿನಲ್ಲಿ ಅದನ್ನು ಬರೆದು, ಅಂತ್ಯವನ್ನು ನಿಮಗೆ ಬೇಕಾದಂತೆ ಬದಲಿಸಿ. ಬದಲಿಸಿದ ಕನಸನ್ನೇ ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ಓಡಿಸಿ. ಇದು ವೈದ್ಯರೂ ಬಳಸುವ ಚಿಕಿತ್ಸೆ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್‌ನಂಥ ಮಾತ್ರೆಯಿಂದಲೂ, ಕುಡಿತ ಥಟ್ಟನೆ ಬಿಟ್ಟಾಗಲೂ ದುಃಸ್ವಪ್ನ ಹೆಚ್ಚುವುದುಂಟು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಮಾತನಾಡಲು ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಒಂದನ್ನು ಮಾತ್ರ ಗಾಳಿ ಸೋಕಿದೆ ಎಂದು ತಳ್ಳಿಹಾಕಬೇಡಿ. ರೆಮ್ ನಿದ್ದೆಯಲ್ಲಿ ಕೈಕಾಲು ಸಡಿಲವಾಗಿ ಅಲುಗಾಡದಂತಿರಬೇಕು. ಐವತ್ತು ದಾಟಿದವರು ಕನಸು ಕಾಣುತ್ತಲೇ ಕೂಗಿ, ಪಕ್ಕದವರನ್ನು ಒದೆಯುತ್ತಿದ್ದರೆ ಅಲುಗಾಡದಂತಿಡುವ ಆ ತಡೆ ತಪ್ಪಿರಬಹುದು. ಪಾರ್ಕಿನ್ಸನ್ ಕಾಯಿಲೆಗೆ ಎಷ್ಟೋ ವರ್ಷ ಮುಂಚಿನ ಸೂಚನೆಯೂ ಇದಾಗಿರಬಹುದು. ಮಲಗುವ ಜಾಗದಿಂದ ಚೂಪಾದ ಸಾಮಾನು ತೆಗೆದಿಟ್ಟು, ನರರೋಗ ತಜ್ಞರಿಗೆ ತೋರಿಸಿ.